ಐದನೇ ಕ್ಲಾಸಿನ ಗುಂಪುಗಳು: ಶೀಟ್ ಎಲ್ಲಿಗೆ ಬಂತು

ಬಾಗೇಪಲ್ಲಿ ಕಡೆಯ ನಮ್ಮ ಶಾಲೆಯಲ್ಲಿ ಐದನೇ ಕ್ಲಾಸಿಗೆ 24 ಮಕ್ಕಳು. ನಾಲ್ಕು ನಾಲ್ಕು ಜನರ ಆರು ಗುಂಪು ಬೇಕು. ಸಾಲಾಗಿ ನಿಲ್ಲಿಸಿ ಒಂದು, ಎರಡು, ಮೂರು ಅಂತ ಎಣಿಸೋದನ್ನು ಬಿಟ್ಟಿದ್ದೇನೆ. ನಾನು ಎಣಿಸುವ ಮೊದಲೇ ಗೆಳೆಯರು ಲೆಕ್ಕ ಹಾಕಿ ಜಾಗ ಬದಲಾಯಿಸಿಕೊಂಡಿರುತ್ತಾರೆ. ಗಣಿತದ ಪೀರಿಯಡ್‌ನಲ್ಲಿ ಈ ಚುರುಕು ಎಲ್ಲಿ ಹೋಗುತ್ತೋ!

ಈಗ ಫೋನಿನಲ್ಲೇ ಎಕ್ಸೆಲ್ ಶೀಟ್. ಒಬ್ಬೊಬ್ಬರನ್ನೇ ಓದಿಸಿ, ಸರಾಗವಾಗಿ ಕಥೆ ಓದುವವರಿಂದ ಹಿಡಿದು ಇನ್ನೂ ಅಕ್ಷರ ಕೂಡಿಸುವವರ ತನಕ 1ರಿಂದ 24 ನಂಬರ್ ಹಾಕಿದೆ. ಈ ಪಟ್ಟಿ ಮಕ್ಕಳ ಕಣ್ಣಿಗೆ ಬೀಳಬಾರದು. ಸುಮ್ನೆ ಸಾಲಾಗಿ ಹಂಚಿದರೆ ಮೊದಲ ಗುಂಪಿಗೆ 1, 7, 13, 19, ಮೊತ್ತ 40. ಆರನೆಯದಕ್ಕೆ 6, 12, 18, 24, ಮೊತ್ತ 60. ಇದು ಅನ್ಯಾಯ ಅಲ್ವಾ? ಅದಕ್ಕೇ ಹಾವಿನ ಥರ ಹೋಗಬೇಕು. ಒಂದು ಸಾಲು ಎಡದಿಂದ ಬಲಕ್ಕೆ, ಮುಂದಿನದು ಬಲದಿಂದ ಎಡಕ್ಕೆ. ಆಗ ಮೊದಲ ಗುಂಪು 1, 12, 13, 24. ಆರೂ ಗುಂಪಿನ ಮೊತ್ತ 50.

ಆಮೇಲಿನದು ಕೈಕೆಲಸ. ಮನೆಯಲ್ಲಿ ತೆಲುಗು ಮಾತಾಡುವವರು ಒಂದೇ ಕಡೆ ಸೇರಬಾರದು, ಒಂಟಿಯೂ ಆಗಬಾರದು. ಮೂರು ಹುಡುಗರ ನಡುವೆ ಒಬ್ಬಳೇ ಹುಡುಗಿ ಕೂತರೆ ಬಾಯೇ ಬಿಡಲ್ಲ. ಅದಲುಬದಲು ಮಾಡುವಾಗ ಪಕ್ಕದ ನಂಬರಿನ ಜೊತೆಗೆ ಮಾತ್ರ ಮಾಡುತ್ತೇನೆ. ಮೊತ್ತ 49 ಅಥವಾ 51 ಆದರೆ ನಷ್ಟವೇನಿಲ್ಲ.

ಈ ವಾರ ಜಿಗ್ಸಾ ಚಟುವಟಿಕೆ. 1971ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ ಶುರು ಮಾಡಿದ್ದು. ಕರಿಯ, ಬಿಳಿಯ ಮಕ್ಕಳು ಹೊಸದಾಗಿ ಒಂದೇ ಕ್ಲಾಸಿಗೆ ಬಂದಾಗ ಎದ್ದ ಜಗಳ ತಣ್ಣಗಾಗಲಿ ಅಂತ. ಪಾಠದ ಒಂದೊಂದು ತುಂಡು ಒಬ್ಬೊಬ್ಬರಿಗೆ. ಒಂದೇ ತುಂಡಿನವರು ಬೇರೆ ಕೂತು ಕಲಿತು, ವಾಪಸ್ ಬಂದು ತಮ್ಮ ಗುಂಪಿಗೆ ಹೇಳಿಕೊಡಬೇಕು. ನಾನು ಆರಿಸಿದ್ದು ನಾಲ್ಕು ನದಿ: ಅರ್ಕಾವತಿ, ಚಿತ್ರಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ.

ಇಲ್ಲೊಂದು ತೊಡಕಿದೆ. ಶೀಟಿನ ಸಾಲಿಗೊಂದು ನದಿ ಕೊಟ್ಟರೆ 1ರಿಂದ 6 ಎಲ್ಲ ಅರ್ಕಾವತಿಗೆ, 19ರಿಂದ 24 ಎಲ್ಲ ಕೊನೆಯ ನದಿಗೆ. ಓದಲು ತಡವರಿಸುವವರೇ ಒಟ್ಟಿಗೆ ಕೂತು ಕಾರ್ಡ್ ನೋಡುತ್ತಿರಬೇಕು. ಹಾಗಾಗಿ ಗುಂಪಿನಿಂದ ಗುಂಪಿಗೆ ನದಿಯನ್ನು ಒಂದೊಂದು ಮನೆ ಕೆಳಕ್ಕೆ ಸರಿಸಿದೆ. ಈಗ ಪ್ರತಿ ನದಿಗೂ ಎಲ್ಲ ಮಟ್ಟದವರೂ ಇದ್ದಾರೆ. 22ನೇ ನಂಬರಿನ ಹುಡುಗನಿಗೆ ಉತ್ತರ ಪಿನಾಕಿನಿ ಬಂತು. ತೆಲುಗಿನಲ್ಲಿ ಅದಕ್ಕೆ ಪೆನ್ನಾ ಅಂತಾರೆ. “ಮಿಸ್, ಇದು ನಮ್ಮಜ್ಜಿ ಊರಿನ ಪೆನ್ನಾ!” ಅಂದವನೇ ಕಾರ್ಡ್ ಪಕ್ಕಕ್ಕಿಟ್ಟು ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಹೇಳುತ್ತಾ ಹೋದ.

ಬಾಕಿ ಇರೋದು ಗೈರುಹಾಜರಿ. ಒಬ್ಬರು ಬರದಿದ್ದರೆ ಆ ಗುಂಪಿಗೆ ಒಂದು ನದಿಯೇ ಇಲ್ಲ. ಸದ್ಯಕ್ಕೆ ಪಕ್ಕದ ಗುಂಪಿಗೆ ಹೋಗಿ ಕೇಳಿಕೊಂಡು ಬನ್ನಿ ಅಂತೇನೆ. ಮುಂದಿನ ವಾರ ಶೀಟಿಗೆ ಹಾಜರಿ ಕಾಲಂ ಸೇರಿಸಬೇಕು.