ತೂಕ ಕೇಳುವ ಮೊದಲು ಆಯ್ಕೆಗಳನ್ನು ತೋರಿಸಿ

ಕಲಬುರಗಿಯಲ್ಲಿ ತೊಗರಿ ಲಾರಿಗಳಿಗೆ ದಿನದ ರೂಟ್ ಹಾಕಿಕೊಡುವ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ಸೇಡಂ, ಚಿತ್ತಾಪುರ, ಆಳಂದ ಕಡೆಯ ಹಳ್ಳಿಗಳಿಂದ ಚೀಲಗಳು ದಾಲ್ ಮಿಲ್‌ಗೆ ಬರಬೇಕು. ಡೀಸೆಲ್ ಉಳಿಸಬೇಕೆಂದರೆ ಲಾರಿ ತುಂಬುವ ತನಕ ಸುತ್ತಬೇಕು, ಅಷ್ಟೊತ್ತು ರೈತರು ಕಣದಲ್ಲಿ ಕಾಯಬೇಕು. ಎರಡೂ ಒಟ್ಟಿಗೆ ಕಡಿಮೆ ಆಗಲ್ಲ, ಅಲ್ವಾ?

ಇಂಥ ಕಡೆ ಎಲ್ಲರೂ ಮೊದಲು ಮಾಡುವುದು ಒಂದೇ: ಡೀಸೆಲ್‌ಗೆ ಇಷ್ಟು ತೂಕ (ಚೀಲದ ತೂಕವಲ್ಲ, ಅದಕ್ಕೆ ಎಷ್ಟು ಮಹತ್ವ ಅನ್ನುವುದು), ಕಾಯುವುದಕ್ಕೆ ಇಷ್ಟು ತೂಕ ಅಂತ ಕೊಟ್ಟು ಕೂಡಿಸಿ ಒಂದೇ ಅಂಕಿ ಮಾಡುವುದು. ಇದರಲ್ಲಿ ದೊಡ್ಡ ತೊಂದರೆ ಇದೆ. ಮೂರು ಪ್ಲ್ಯಾನ್ ಇವೆ ಅಂದುಕೊಳ್ಳಿ, ಅಂಕಿ ಕಡಿಮೆ ಇದ್ದಷ್ಟು ಒಳ್ಳೆಯದು. ಮೊದಲನೆಯದರಲ್ಲಿ ಡೀಸೆಲ್ 1, ಕಾಯುವುದು 10. ಎರಡನೆಯದರಲ್ಲಿ 10 ಮತ್ತು 1. ಮೂರನೆಯದರಲ್ಲಿ ಎರಡೂ 6. ಎರಡಕ್ಕೂ ಅರ್ಧರ್ಧ ತೂಕ ಕೊಟ್ಟರೆ ಮೊದಲ ಎರಡಕ್ಕೆ 5.5 ಬರುತ್ತದೆ, ಮೂರನೆಯದಕ್ಕೆ 6. ತೂಕ ಹೇಗೆ ಬದಲಿಸಿದರೂ ಆ ಮೂರನೆಯದು ಗೆಲ್ಲುವುದೇ ಇಲ್ಲ, ಆದರೆ ಮಿಲ್ ಮ್ಯಾನೇಜರ್ ಕೈಗೆ ಕೊಟ್ಟರೆ ಬಹುಶಃ ಅದನ್ನೇ ಆರಿಸುತ್ತಾರೆ! ತೂಕ ಚೂರು ತಿರುಗಿಸಿದಾಗ ಉತ್ತರ ಈ ತುದಿಯಿಂದ ಆ ತುದಿಗೆ ಜಿಗಿದರೆ ನಡುವಿನ ಒಳ್ಳೆಯ ಪ್ಲ್ಯಾನ್‌ಗಳು ಕಾಣದೆ ಹೋಗುತ್ತಿರಬಹುದು, ಒಮ್ಮೆ ಹುಡುಕಿ ನೋಡಿ.

ನಾವು ಬಳಸುವುದು ಎನ್‌ಎಸ್‌ಜಿಎ-2, ಒಂದಕ್ಕಿಂತ ಹೆಚ್ಚು ಗುರಿ ಇದ್ದಾಗ ಒಳ್ಳೆಯ ಪ್ಲ್ಯಾನ್‌ಗಳನ್ನು ಹುಡುಕುವ ಒಂದು ಅಲ್ಗಾರಿದಂ. ಐಐಟಿ ಕಾನ್ಪುರದಲ್ಲಿದ್ದಾಗ ಕಲ್ಯಾಣ್ಮಯ್ ದೇಬ್ ಮತ್ತು ಜೊತೆಗಾರರು ಮಾಡಿದ್ದು, ಪ್ರಬಂಧ ಬಂದದ್ದು 2002ರಲ್ಲಿ. ಇದು ಅಂಕಿಗಳನ್ನು ಕೂಡಿಸುವುದೇ ಇಲ್ಲ. ಒಂದು ಪ್ಲ್ಯಾನ್ ಯಾವ ಗುರಿಯಲ್ಲೂ ಇನ್ನೊಂದಕ್ಕಿಂತ ಕೆಟ್ಟದಾಗಿರದೆ, ಒಂದರಲ್ಲಾದರೂ ಅದಕ್ಕಿಂತ ಒಳ್ಳೆಯದಾಗಿದ್ದರೆ ಮಾತ್ರ ಅದನ್ನು ಸೋಲಿಸಿತು ಅಂತ ಲೆಕ್ಕ. ಯಾರಿಗೂ ಸೋಲದವುಗಳ ಸಾಲೇ ಪರೇಟೊ ಫ್ರಂಟ್. ಆ ಸಾಲಿನಲ್ಲಿ ಎಲ್ಲವೂ ಒಂದೇ ಕಡೆ ಗುಂಪಾಗದಂತೆ, ಅಕ್ಕಪಕ್ಕ ಜಾಗ ಖಾಲಿ ಇರುವುದಕ್ಕೆ ಮೊದಲ ಮಣೆ.

ಇದು ಹ್ಯೂರಿಸ್ಟಿಕ್. ಸಿಕ್ಕಿದ್ದೇ ಅತ್ಯುತ್ತಮ ಅನ್ನುವ ಗ್ಯಾರಂಟಿ ಇಲ್ಲ. ಹಾಗಾಗಿ ಬೇರೆ ಬೇರೆ ರ‍್ಯಾಂಡಮ್ ಸೀಡ್ (ಹುಡುಕಾಟ ಎಲ್ಲಿಂದ ಶುರುವಾಗಬೇಕೆಂದು ತೀರ್ಮಾನಿಸುವ ಅಂಕಿ) ಕೊಟ್ಟು ಓಡಿಸಿ, ಬಂದ ಸಾಲುಗಳನ್ನೆಲ್ಲ ಸೇರಿಸಿ ಮತ್ತೆ ಸೋಸುತ್ತೇವೆ. ಈ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ.

ಮ್ಯಾನೇಜರ್‌ಗೆ ಈಗ ತೂಕ ಕೇಳುವುದಿಲ್ಲ, ಸಾಲನ್ನೇ ತೋರಿಸುತ್ತೇವೆ. ಸುಗ್ಗಿಯಲ್ಲಿ ರೈತರು ಬೇಗ ಮನೆಗೆ ಹೋಗುವ ಪ್ಲ್ಯಾನ್, ಉಳಿದ ತಿಂಗಳು ಡೀಸೆಲ್ ಉಳಿಸುವುದು, ಅವರೇ ಆರಿಸುತ್ತಾರೆ. ಡ್ರೈವರ್‌ಗಳ ದುಡಿಮೆಯ ಹೊತ್ತನ್ನು ಮೂರನೇ ಗುರಿಯಾಗಿ ಸೇರಿಸುತ್ತಿದ್ದೇವೆ. ಗುರಿಗಳು ನಾಲ್ಕೈದಾದರೆ ಹೆಚ್ಚುಕಡಿಮೆ ಯಾವ ಪ್ಲ್ಯಾನೂ ಯಾವುದಕ್ಕೂ ಸೋಲುವುದಿಲ್ಲ, ಆಗ ಹೆಚ್ಚು ಗುರಿಗಳಿಗೆಂದೇ ಮಾಡಿದ ಅದರ ಮುಂದಿನ ರೂಪ, 2014ರ ಎನ್‌ಎಸ್‌ಜಿಎ-3 ಕಡೆ ಹೋಗಬೇಕಾಗುತ್ತದೆ.