ಬಾಳೆ ಎಲೆ ಕೊಯ್ದ ಚಾಕು

ಪಕ್ಕದ ಮನೆ ಹುಡುಗ ಇವತ್ತು ಹತ್ತೂವರೆಗೇ ಸ್ಕೂಲಿಂದ ವಾಪಸ್. ಎಂಟನೇ ಕ್ಲಾಸು. ಬ್ಯಾಗಲ್ಲಿ ಚಾಕು ಸಿಕ್ಕಿತಂತೆ, ಒಂದು ವಾರ ಸಸ್ಪೆಂಡ್.

ಚಾಕುವನ್ನು ಅವರಪ್ಪ ಇಸ್ಕೊಂಡು ಬಂದಿದ್ದರು, ನೋಡಿದೆ. ಗೇಣುದ್ದ ಕೂಡ ಇಲ್ಲ. ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿದೆ, ಅಲಗಿನ ತುಂಬ ಬಾಳೆ ಕರೆ. ಬೆಳಿಗ್ಗೆ ತೋಟದಲ್ಲಿ ಎಲೆ ಕೊಯ್ದು, ಬಸ್ಸಿಗೆ ಟೈಮಾಯ್ತು ಅಂತ ಹಾಗೇ ಬ್ಯಾಗಿಗೆ ಹಾಕ್ಕೊಂಡು ಓಡಿದ್ದಾನೆ ಪುಣ್ಯಾತ್ಮ. ತೀರ್ಥಹಳ್ಳಿ ಕಡೆ ಯಾವ ಮನೆ ಹುಡುಗನ ಹತ್ತಿರ ಇಂಥದ್ದೊಂದು ಇರಲ್ಲ ಹೇಳಿ!

"ರೂಲ್ಸ್ ಅಂದ್ರೆ ಎಲ್ಲರಿಗೂ ಒಂದೇ" ಅಂದರಂತೆ. ಅಮೆರಿಕದಲ್ಲಿ 2009ರಲ್ಲಿ ಹೀಗೇ ಆಗಿತ್ತು. ಊಟಕ್ಕೆ ಅಂತ ಚಮಚ, ಫೋರ್ಕು, ಚಾಕು ಒಟ್ಟಿಗಿರುವ ಕ್ಯಾಂಪಿಂಗ್ ಸಾಮಾನು ತಂದ ಆರು ವರ್ಷದ ಮಗುವನ್ನು ಸಸ್ಪೆಂಡ್ ಮಾಡಿದ್ದರು. ಗಲಾಟೆ ಆದ ಮೇಲೆ ಆ ನಿಯಮವನ್ನೇ ಸಡಿಲ ಮಾಡಿದರು. ಅಲ್ಲಿನ ಮನಶ್ಶಾಸ್ತ್ರಜ್ಞರ ಸಂಘದ ತಂಡ 2008ರಲ್ಲೇ ಹೇಳಿತ್ತು, ಇಂಥ ಬಿಗಿಯಿಂದ ಶಾಲೆಗಳು ಜಾಸ್ತಿ ಸುರಕ್ಷಿತ ಆಗಿವೆ ಅನ್ನೋದಕ್ಕೆ ಪುರಾವೆ ಇಲ್ಲ ಅಂತ.

ಚಾಕು ತರಬಾರದು, ಸರಿ. ತೆಗೆದಿಟ್ಟುಕೊಂಡು ಮನೆಯವರಿಗೆ ಫೋನ್ ಮಾಡಿದ್ದರೆ ಸಾಕಿತ್ತಲ್ವಾ? ಯಾಕೆ ತಂದೆ ಅಂತ ಒಂದು ಮಾತು ಕೇಳಲೂ ಇಲ್ಲವಂತೆ, ನನಗೆ ಸಿಟ್ಟು ಬಂದಿದ್ದು ಅದಕ್ಕೆ. ನಮ್ಮ 2009ರ ಶಿಕ್ಷಣ ಹಕ್ಕು ಕಾಯ್ದೆ ಎಂಟನೇ ತರಗತಿವರೆಗೆ ಮಕ್ಕಳನ್ನು ಹೊರಹಾಕಬಾರದು ಅನ್ನುತ್ತದೆ. ಸಸ್ಪೆಂಡ್ ಅಂದ್ರೆ ಹೊರಹಾಕಿದ ಹಾಗಲ್ಲವಂತೆ, ಆಹಾ.

ನಾಳೆ ಅವರಮ್ಮ ಹೆಡ್‌ಮಾಸ್ಟರನ್ನು ನೋಡಲು ಹೋಗುತ್ತಾರೆ. ನಾನೂ ಜೊತೆಗೆ ಹೊರಟಿದ್ದೇನೆ.