ಕ್ಯಾಪ್ ಒಳಗಿನ ಕೂದಲು

"ಮಾಮ, ಒಳಗೆ ಒಂದು ಕೂದಲು ಅಂಟ್ಕೊಂಡಿದೆ ನೋಡು."

ಭಾನುವಾರ ಟಾರ್ಚ್ ಹಿಡಿದು ನಿಂತಿದ್ದ ಅಕ್ಕನ ಮಗಳು ಹೇಳಿದ ಮಾತು ಇನ್ನೂ ಕಿವಿಯಲ್ಲೇ ಇದೆ. ಬಟ್ಟೆಯಿಂದ ಒರೆಸಿದೆ, ಹೋಗಲಿಲ್ಲ. ಉಗುರಿನಲ್ಲಿ ಕೆರೆದೆ, ಆಗಲೂ ಹೋಗಲಿಲ್ಲ. ಅದು ಕೂದಲಲ್ಲ. ಕಾರಿನ ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್‌ನ ಕ್ಯಾಪಿನ, ಅಂದರೆ ಪ್ಲಾಸ್ಟಿಕ್ ಮುಚ್ಚಳದ ಒಳಗೆ, ವೈರು ಸಿಕ್ಕಿಸುವ ಒಂದು ಟರ್ಮಿನಲ್‌ನಿಂದ ಪಕ್ಕದ್ದರವರೆಗೆ ಕರೆಂಟು ಸುಟ್ಟು ಎಳೆದ ಕಪ್ಪು ಗೆರೆ.

ಎರಡು ತಿಂಗಳಿಂದ ಕಾರು ಕಾಡುತ್ತಿತ್ತು. ಥಂಡಿ ಹಿಡಿದ ಬೆಳಿಗ್ಗೆ ಸ್ಟಾರ್ಟ್ ಆಗುವುದೇ ಕಷ್ಟ. ಸ್ಟಾರ್ಟ್ ಆದರೂ ಮಿಸ್ಸಿಂಗ್, ಅಂದರೆ ಕಿಡಿ ತಪ್ಪಿ ಇಂಜಿನ್ ಎಡವುವುದು, ಇಡೀ ಗಾಡಿ ಗಡಗಡ. ಬಿಸಿಯಾದ ಮೇಲೆ ಆರಾಮಾಗಿ ಓಡುತ್ತಿತ್ತು. ಮೆಕ್ಯಾನಿಕ್ ಇಂಜಿನ್ನಿನೊಳಗೆ ಕಿಡಿ ಹಾರಿಸುವ ಪ್ಲಗ್ ಬದಲಿಸಿದರು, ಕಾರ್ಬುರೇಟರ್ ತೊಳೆದರು. ಮೂರನೇ ಸಲ ಹೋದಾಗ ಬಾನೆಟ್ಟನ್ನೂ ಎತ್ತದೆ, "ಹಳೇ ಗಾಡಿ ಸಾರ್, ಇಷ್ಟೇ. ಮಾರ್ಬಿಡಿ" ಅಂದರು. ಕೆಟ್ಟವರಲ್ಲ, ಕೈಯಲ್ಲಿ ಒಳ್ಳೆ ಕೆಲಸ ಇದೆ. ಆದರೆ ಆ "ಇಷ್ಟೇ" ಬಹಳ ಚುಚ್ಚಿತು. ಎರಡು ಕ್ಲಿಪ್ ಬಿಚ್ಚಿದ್ದರೆ ಕಾಣುತ್ತಿತ್ತು, ಅಲ್ವಾ?

ಬ್ಯಾಟರಿಯ ವೋಲ್ಟೇಜ್ ಏರಿಸುವ ಕಾಯಿಲ್‌ನಿಂದ ಬರುವ 15-20 ಸಾವಿರ ವೋಲ್ಟು ಕ್ಯಾಪಿನ ನಡುವಿನ ಕಾರ್ಬನ್ ಗುಂಡಿಯಿಂದ ರೋಟರಿಗೆ ಇಳಿಯುತ್ತದೆ. ರೋಟರ್ ತಿರುಗುತ್ತಾ ಅದನ್ನು ಪ್ಲಗ್ಗುಗಳಿಗೆ ಸರದಿ ಪ್ರಕಾರ ಹಂಚುತ್ತದೆ. ನಾಲ್ಕು ಸಿಲಿಂಡರಿನ ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 100 ಕಿಡಿ. ಗೆರೆ ಬಿದ್ದರೆ ಕರೆಂಟು ಸರದಿಯ ಪ್ಲಗ್ಗಿಗೆ ಹೋಗುವ ಬದಲು ಸುಲಭದ ದಾರಿ ಹಿಡಿಯುತ್ತದೆ. ಹರಿದಷ್ಟೂ ಪ್ಲಾಸ್ಟಿಕ್ ಸುಟ್ಟು ಇಂಗಾಲವಾಗುತ್ತದೆ, ದಾರಿ ಇನ್ನೂ ಸಲೀಸಾಗುತ್ತದೆ. ಒಳಗೆ ತೇವ ಕೂತರಂತೂ ಕೇಳುವುದೇ ಬೇಡ.

ಹೊಸ ಕ್ಯಾಪು, ರೋಟರ್ ತಂದಿಟ್ಟುಕೊಂಡೇ ಕೂತಿದ್ದೆ. ಬ್ಯಾಟರಿಯ ಮೈನಸ್ ಮೊದಲೇ ಬಿಚ್ಚಿಟ್ಟಿದ್ದೆ. ಹಳೇ ರೋಟರ್ ಮೇಲಕ್ಕೆ ಎಳೆದರೆ ಬಂತು. ತುದಿ ಕರಕಲಾಗಿ, ಬೂದಿಯಂಥ ಪುಡಿ ಕಟ್ಟಿತ್ತು. ವೈರುಗಳನ್ನು ಒಟ್ಟಿಗೆ ಕೀಳಲಿಲ್ಲ. ಎರಡು ಕ್ಯಾಪುಗಳನ್ನೂ ಒಂದೇ ದಿಕ್ಕಿಗೆ ಹಿಡಿದು, ಹಳೇದರಿಂದ ಹೊಸದಕ್ಕೆ ಒಂದೊಂದಾಗಿ ಬದಲಿಸಿದೆವು. ಅವಳು ಪ್ರತಿಯೊಂದಕ್ಕೂ ಬೆರಳಿಟ್ಟು "ಇದು ಆಯ್ತು" ಅನ್ನುತ್ತಿದ್ದಳು. ವೈರು ಅದಲುಬದಲಾದರೆ ಇಂಜಿನ್ ಢಬ್ ಅಂತ ಕೆಮ್ಮುತ್ತದೆ, ಸರಿಯಾಗಿ ಓಡುವುದಿಲ್ಲ.

ಕೀಲಿ ತಿರುಗಿಸಿದೆ. ಒಂದೇ ಸಲಕ್ಕೆ ಹಿಡಿಯಿತು. ಸೋಮವಾರ, ಮಂಗಳವಾರ ಬೆಳಿಗ್ಗೆ ಮಳೆ ಇತ್ತು. ಆಗಲೂ ಹಿಡಿಯಿತು.

ಅವಳಿಗೆ ಡಿಸ್ಟ್ರಿಬ್ಯೂಟರ್ ಅಂದರೆ ಏನಂತ ಗೊತ್ತಿಲ್ಲ. ಕಾರು ಹಳೇದು, ಹೊಸದು ಅನ್ನುವ ಲೆಕ್ಕವೂ ಇಲ್ಲ. ಸುಮ್ನೆ ನೋಡಿದಳು, ಕಂಡದ್ದನ್ನು ಹೇಳಿದಳು. "ಒಳಗೆ ಒಂದು ಕೂದಲು." ನಾನೂ ಅದೇ ಕ್ಯಾಪನ್ನು ಕೈಯಲ್ಲಿ ಹಿಡಿದಿದ್ದೆ, ನನಗೆ ಕಾಣಲಿಲ್ಲ. "ಹಳೇದು" ಅಂದ ಕೂಡಲೇ ನಾವು ನೋಡುವುದನ್ನೇ ಬಿಟ್ಟುಬಿಡುತ್ತೇವೇನೋ. ಅಮ್ಮನ ಮಂಡಿ ನೋವಿಗೂ ಒಂದು ವರ್ಷದಿಂದ "ವಯಸ್ಸಾಯ್ತಲ್ಲಮ್ಮ" ಅಂತಲೇ ಹೇಳುತ್ತಿದ್ದೇನೆ. ಒಂದು ದಿನವೂ ಪಕ್ಕದಲ್ಲಿ ಕೂತು, ಎಲ್ಲಿ ನೋವು, ಯಾವಾಗ ಜಾಸ್ತಿ ಅಂತ ಕೇಳಿಲ್ಲ. ನಿನ್ನೆ ರಾತ್ರಿ ಕೇಳಿದೆ. ಮೆಟ್ಟಿಲು ಇಳಿಯುವಾಗ ಮಾತ್ರವಂತೆ, ಎಡಗಾಲು ಮಾತ್ರವಂತೆ. ಶುಕ್ರವಾರ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ.

ಬರುವಾಗ ಹಳೇ ಕ್ಯಾಪನ್ನು ಮೆಕ್ಯಾನಿಕ್‌ಗೂ ತೋರಿಸಬೇಕು. ಜಗಳಕ್ಕಲ್ಲ. ನಾಳೆ ಅವರ ಹತ್ತಿರ ಇನ್ನೊಂದು ಹಳೇ ಗಾಡಿ ಬರುತ್ತದಲ್ಲ.